ತಂಡವೊಂದರ ಬೆಲೆ

ಹೊಲಕ್ಕೆ ಒಡೆಯನಿರುತ್ತಾನೆ, ಅಂಗಡಿಗೆ ಒಡೆಯನಿರುತ್ತಾನೆ, ಕಾರ್ಖಾನೆಗೂ ಒಡೆಯನಿರುತ್ತಾನೆ. ಇವುಗಳನ್ನು ಕೊಳ್ಳುವುದು, ಮಾರುವುದು ಲೋಕರೂಢಿ. ಆದರೆ ಹಲವರು ಕೂಡಿ ಆಡುವ ಆಟದ ತಂಡವೊಂದಕ್ಕೆ ಒಡೆಯನೆಂದರೆ ಯಾರು? ಆತ ಹಣ ಕೊಟ್ಟು ಕೊಂಡದ್ದಾದರೂ ಏನನ್ನು? ಆಟಗಾರರ ಕೌಶಲ ಕರಾರಿನ ಅವಧಿಗೆ ಮಾತ್ರ ದೊರೆಯುವಂಥದು. ನೋಡುಗರ ಅಭಿಮಾನ ಅಂಗಡಿಯಲ್ಲಿ ಸಿಗುವ ಸರಕಲ್ಲ. ಊರಿನ ಹೆಸರು ಊರಿಗೇ ಸೇರಿದ್ದು. ಹೀಗಿದ್ದರೂ ಇಂದು ಜಗತ್ತಿನ ಹಲವು ದೇಶಗಳಲ್ಲಿ ವೃತ್ತಿಪರ ಕ್ರೀಡಾತಂಡಗಳು ಕೋಟಿಗಟ್ಟಲೆ ಹಣಕ್ಕೆ ಕೈ ಬದಲಾಯಿಸುತ್ತಿವೆ. ಆ ಹಣದ ಹಿಂದೆ ಯಾರ ದುಡಿಮೆ ಎಷ್ಟು, ಅದರಲ್ಲಿ ಯಾರಿಗೆ ಎಷ್ಟು ಸಲ್ಲಬೇಕು ಎಂಬ ಪ್ರಶ್ನೆ ಸಾಮಾನ್ಯ ದಿನಗಳಲ್ಲಿ ಯಾರನ್ನೂ ಕಾಡುವುದಿಲ್ಲ. ಒಡೆಯನೇ ತಪ್ಪು ಮಾಡಿ, ತಂಡವನ್ನು ಬಿಟ್ಟುಕೊಡಲೇಬೇಕಾದ ಪ್ರಸಂಗ ಬಂದಾಗ ಮಾತ್ರ ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. 2014ರಲ್ಲಿ ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲಿ ಅಂಥದೊಂದು ಪ್ರಸಂಗ ಒದಗಿತು.

ಅಮೆರಿಕದ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಘವನ್ನು ಜನರು ಎನ್.ಬಿ.ಎ. ಎಂದು ಕರೆಯುತ್ತಾರೆ. ಅದರಲ್ಲಿ 30 ತಂಡಗಳಿವೆ. ಅವುಗಳಲ್ಲಿ ಒಂದರ ಹೆಸರು ಕ್ಲಿಪ್ಪರ್ಸ್. 1970ರಲ್ಲಿ ಬಫಲೊ ನಗರದಲ್ಲಿ ಬೇರೊಂದು ಹೆಸರಿನಿಂದ ಹುಟ್ಟಿದ ಈ ತಂಡ 1978ರಲ್ಲಿ ಸ್ಯಾನ್ ಡಿಯಾಗೊ ನಗರಕ್ಕೆ ಹೋಗಿ ಈಗಿನ ಹೆಸರನ್ನು ಪಡೆಯಿತು. 1981ರಲ್ಲಿ ಡೊನಾಲ್ಡ್ ಸ್ಟರ್ಲಿಂಗ್ ಎಂಬ ಸಿರಿವಂತ ವಕೀಲ ಅದನ್ನು ಸುಮಾರು 1.25 ಕೋಟಿ ಡಾಲರಿಗೆ ಕೊಂಡ. ಬಾಡಿಗೆಗೆ ಕೊಡುವ ಮನೆಗಳ ವ್ಯವಹಾರದಲ್ಲಿ ಆತ ಅಪಾರ ಹಣ ಗಳಿಸಿದ್ದ. 1984ರಲ್ಲಿ ಸಂಘದ ಅನುಮತಿಗೂ ಕಾಯದೆ ತಂಡವನ್ನು ಲಾಸ್ ಏಂಜಲಿಸ್ಸಿಗೆ ಸಾಗಿಸಿದ. ಆತನ ಒಡೆತನದಲ್ಲಿ ತಂಡ ಮೆರೆಯಿತೆಂದು ಯಾರೂ ಹೇಳಲಾರರು. 1981ರಿಂದ 2011ರವರೆಗಿನ 30 ಋತುಗಳಲ್ಲಿ ಸೋಲಿಗಿಂತ ಗೆಲುವು ಹೆಚ್ಚಾದದ್ದು ಎರಡೇ ಋತುಗಳಲ್ಲಿ. ಅದೇ ನಗರದ ಮತ್ತೊಂದು ತಂಡವಾದ ಲೇಕರ್ಸ್ ಕೀರ್ತಿಯ ಶಿಖರವನ್ನು ಏರುತ್ತಿದ್ದಾಗ ಕ್ಲಿಪ್ಪರ್ಸ್ ತಂಡ ನಗೆಪಾಟಲಿನ ವಸ್ತುವಾಗಿತ್ತು. ಬ್ಲೇಕ್ ಗ್ರಿಫಿನ್, ಕ್ರಿಸ್ ಪಾಲ್ ಮುಂತಾದ ಪ್ರತಿಭಾವಂತ ಆಟಗಾರರು ಬಂದು ಸೇರಿದ ಮೇಲೆಯೇ ಅದರ ದೆಸೆ ತಿರುಗಿತು.

ಏಪ್ರಿಲ್ 2014ರ ಕೊನೆಯ ವಾರ. ಆ ಋತುವಿನ ನಿರ್ಣಾಯಕ ಪಂದ್ಯಗಳು ನಡೆಯುತ್ತಿದ್ದವು. ಆಗ ಸ್ಟರ್ಲಿಂಗ್ ತನ್ನ ಗೆಳತಿಯೊಡನೆ ಆಡಿದ್ದ ಮಾತುಗಳ ಧ್ವನಿಮುದ್ರಣವೊಂದು ಬಯಲಿಗೆ ಬಂದಿತು. ಕಪ್ಪು ಜನರನ್ನು ತನ್ನ ತಂಡದ ಪಂದ್ಯಗಳಿಗೆ ಕರೆತರಬಾರದೆಂದು ಆತ ಆಕೆಗೆ ತಾಕೀತು ಮಾಡಿದ್ದ. ಲೇಕರ್ಸ್ ತಂಡಕ್ಕೆ ಐದು ಬಾರಿ ಚಾಂಪಿಯನ್ ಪಟ್ಟ ದೊರಕಿಸಿಕೊಟ್ಟ ಮಹಾನ್ ಆಟಗಾರ ಮ್ಯಾಜಿಕ್ ಜಾನ್ಸನ್ನರೊಡನೆ ಆಕೆ ತೆಗೆಸಿಕೊಂಡ ಚಿತ್ರವೂ ಆತನಿಗೆ ಸಹಿಸಿರಲಿಲ್ಲ. ಆತನ ತಂಡದ ತರಬೇತುದಾರ ಕಪ್ಪು ವರ್ಣೀಯ. ಆಟಗಾರರಲ್ಲಿ ಬಹುಪಾಲು ಜನ ಕಪ್ಪು ವರ್ಣೀಯರು. ಯಾರ ಬೆವರಿನಿಂದ ತಂಡ ಗೆಲ್ಲುತ್ತಿತ್ತೋ ಅವರ ಕುಲದವರು ನೋಡುಗರ ಸಾಲಿನಲ್ಲಿ ಕುಳಿತುಕೊಳ್ಳುವುದು ಒಡೆಯನಿಗೆ ಬೇಡವಾಗಿತ್ತು. ದುಡಿಮೆ ಬೇಕು, ದುಡಿಯುವವರ ಸಹವಾಸ ಬೇಡ ಎಂಬ ಈ ಬುದ್ಧಿ ಅಮೆರಿಕಕ್ಕೆ ಮಾತ್ರ ಸೀಮಿತವಾದುದಲ್ಲವೆಂದು ಭಾರತದ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಏಪ್ರಿಲ್ 27ರಂದು ಓಕ್ಲೆಂಡಿನಲ್ಲಿ ಪಂದ್ಯವಿತ್ತು. ಕ್ಲಿಪ್ಪರ್ಸ್ ಆಟಗಾರರು ಅಂಗಳದ ನಡುವೆ ಬಂದು, ತಂಡದ ಹೆಸರಿದ್ದ ತಮ್ಮ ಮೇಲಂಗಿಗಳನ್ನು ಕಳಚಿ ಅಲ್ಲಿಯೇ ರಾಶಿ ಹಾಕಿದರು. ಒಳಗಿನ ಅಂಗಿಗಳನ್ನು ಒಳಹೊರಗು ಮಾಡಿ ತೊಟ್ಟು, ತಂಡದ ಹೆಸರು ಯಾರಿಗೂ ಕಾಣದಂತೆ ಅಭ್ಯಾಸ ನಡೆಸಿದರು. ಘೋಷಣೆಯಿಲ್ಲ, ಗದ್ದಲವಿಲ್ಲ. ಆ ದಿನ ಅವರು ಪಂದ್ಯವನ್ನು ಸೋತರು. ಆದರೆ ಒಡೆಯನ ಕೈಯಲ್ಲಿ ಇರುವುದು ಕಾಗದಪತ್ರ ಮಾತ್ರ, ಆ ಹೆಸರಿಗೆ ಮಾನ ತರುವವರು ಅದನ್ನು ಎದೆಯ ಮೇಲೆ ಹೊತ್ತು ಆಡುವವರು ಎಂಬ ಸತ್ಯವನ್ನು ಲಕ್ಷಾಂತರ ಜನರ ಕಣ್ಣೆದುರು ಸ್ಥಾಪಿಸಿದರು. ಜಾಹೀರಾತು ನೀಡುತ್ತಿದ್ದ ಕಂಪೆನಿಗಳು ಒಂದೊಂದಾಗಿ ಹಿಂದೆ ಸರಿದವು. ತಕ್ಕ ಕ್ರಮ ಕೈಗೊಳ್ಳದಿದ್ದರೆ ಪಂದ್ಯಗಳನ್ನೇ ಬಹಿಷ್ಕರಿಸಲು ಇತರ ತಂಡಗಳ ಆಟಗಾರರೂ ಸಿದ್ಧರಿದ್ದರೆಂದು ಆಟಗಾರರ ಒಕ್ಕೂಟದ ಪ್ರತಿನಿಧಿಗಳು ತಿಳಿಸಿದರು.

ಆಡಮ್ ಸಿಲ್ವರ್ ಎಂಬುವರು ಅದೇ ವರ್ಷದ ಫೆಬ್ರವರಿಯಲ್ಲಿ ಎನ್.ಬಿ.ಎ.ಯ ಆಯುಕ್ತರಾಗಿದ್ದರು. ಏಪ್ರಿಲ್ 29ರಂದು ಅವರು ತಮ್ಮ ತೀರ್ಮಾನವನ್ನು ಪ್ರಕಟಿಸಿದರು. ಸ್ಟರ್ಲಿಂಗ್ ಜೀವಮಾನವಿಡೀ ಎನ್.ಬಿ.ಎ.ಯ ಯಾವ ಪಂದ್ಯಕ್ಕೂ, ಯಾವ ಸಭೆಗೂ ಬರುವಂತಿಲ್ಲ. 25 ಲಕ್ಷ ಡಾಲರ್ ದಂಡ ತೆರಬೇಕು. ತಂಡವನ್ನು ಮಾರುವಂತೆ ಆತನನ್ನು ಕಡ್ಡಾಯಪಡಿಸಲು ಉಳಿದ ಒಡೆಯರ ಸಮ್ಮತಿಯನ್ನು ಕೇಳಲಾಗುವುದು. ಸಂಘದ ನಿಯಮಾವಳಿ ವಿಧಿಸಬಹುದಾಗಿದ್ದ ಅತ್ಯಧಿಕ ದಂಡವೇ ಅದು. ಮುಂದಿನ ತಿಂಗಳುಗಳಲ್ಲಿ ವ್ಯಾಜ್ಯಗಳು ಬೆಳೆದವು. ತಂಡ ಕುಟುಂಬದ ನ್ಯಾಸವೊಂದರ ಹೆಸರಿನಲ್ಲಿತ್ತು. ಆತನ ಪತ್ನಿ ಶೆಲ್ಲಿ ಸ್ಟರ್ಲಿಂಗ್ ಮಾರಾಟಕ್ಕೆ ಮುಂದಾದರು, ಆತ ವಿರೋಧಿಸಿದ, ನ್ಯಾಯಾಲಯ ಪತ್ನಿಯ ಪರವಾಗಿ ನಿಂತಿತು. ಮೈಕ್ರೋಸಾಫ್ಟ್ ಸಂಸ್ಥೆಯ ಹಿಂದಿನ ಮುಖ್ಯಸ್ಥ ಸ್ಟೀವ್ ಬಾಲ್ಮರ್ 200 ಕೋಟಿ ಡಾಲರಿಗೆ ತಂಡವನ್ನು ಕೊಂಡರು. 2014ರ ಆಗಸ್ಟ್ 12ರಂದು ವ್ಯವಹಾರ ಮುಗಿಯಿತು.

ಇಲ್ಲಿಗೆ ಕಥೆ ಸುಖಾಂತವಾಯಿತೆಂದು ಹಲವರು ಭಾವಿಸಿದರು. ಆದರೆ ಲೆಕ್ಕ ಹಾಕಿ ನೋಡಿದಾಗ ಮನಸ್ಸು ಮುಜುಗರಗೊಳ್ಳುತ್ತದೆ. 1.25 ಕೋಟಿ ಡಾಲರಿಗೆ ಕೊಂಡದ್ದನ್ನು 33 ವರ್ಷಗಳ ಬಳಿಕ 200 ಕೋಟಿ ಡಾಲರಿಗೆ ಮಾರಿದಂತಾಯಿತು. ಇದು 160 ಪಟ್ಟು. ಅದೇ ಅವಧಿಯಲ್ಲಿ ಅಮೆರಿಕದಲ್ಲಿ ಸಾಮಾನ್ಯ ಬೆಲೆಗಳು ಏರಿದ್ದು ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು ಮಾತ್ರ. ವಿಧಿಸಿದ ದಂಡವಾದರೋ ಮಾರಾಟದ ಹಣದಲ್ಲಿ ಎಂಟುನೂರರಲ್ಲಿ ಒಂದು ಪಾಲು. ಸಂತೆಯಲ್ಲಿ ತಪ್ಪು ತೂಕ ಮಾಡಿದ ವ್ಯಾಪಾರಿಯೊಬ್ಬನಿಗೆ ಒಂದು ರೂಪಾಯಿ ದಂಡ ಹಾಕಿ, ಆತನ ಗಂಟನ್ನು ಎಂಟುನೂರು ರೂಪಾಯಿಗೆ ಕೊಂಡು, ಇನ್ನು ಈ ಸಂತೆಗೆ ಬರಬೇಡವೆಂದು ಕಳುಹಿಸಿಕೊಟ್ಟಂತೆ. ಆತನಿಗೆ ಅವಮಾನವಾದದ್ದು ನಿಜ. ಮೂರು ದಶಕಗಳ ಕಾಲ ತಾನು ಕುಳಿತಿದ್ದ ಆಸನವನ್ನು ಕಳೆದುಕೊಂಡದ್ದೂ ನಿಜ. ಆದರೆ ಶಿಕ್ಷೆಯೆಂಬ ಹೆಸರಿನಿಂದ ಹೊರಟದ್ದು ಆತನ ಮನೆ ಬಾಗಿಲಿಗೆ ನಿಧಿಯಾಗಿ ಬಂದು ತಲುಪಿತು.

ಅಷ್ಟೊಂದು ಬೆಲೆ ಬಂದದ್ದಾದರೂ ಹೇಗೆ? 2014ರ ಏಪ್ರಿಲಿನಲ್ಲಿಯೇ ಮಿಲ್ವಾಕಿ ನಗರದ ತಂಡ 55 ಕೋಟಿ ಡಾಲರಿಗೆ ಮಾರಾಟವಾಗಿತ್ತು, ಎನ್.ಬಿ.ಎ.ಯಲ್ಲಿ ಅದುವರೆಗೆ ಅದೇ ದಾಖಲೆ. ಕೆಲವೇ ವಾರಗಳಲ್ಲಿ ಕ್ಲಿಪ್ಪರ್ಸ್ ಅದರ ಮೂರೂವರೆ ಪಟ್ಟಿಗಿಂತ ಹೆಚ್ಚು ಬೆಲೆ ಪಡೆಯಿತು. ಇದಕ್ಕೆ ಹಲವು ಕಾರಣಗಳಿವೆ. ತಂಡಗಳು 30 ಮಾತ್ರ. ಹೊಸ ತಂಡವನ್ನು ಸೇರಿಸಿಕೊಳ್ಳಲು ಇದ್ದವರ ಒಪ್ಪಿಗೆ ಬೇಕು. ಜಗತ್ತಿನಲ್ಲಿ ಕೋಟ್ಯಧೀಶರ ಸಂಖ್ಯೆ ಬೆಳೆಯುತ್ತಿದೆ. ತಂಡಗಳ ಸಂಖ್ಯೆ ಬೆಳೆಯುವುದಿಲ್ಲ. ಇನ್ನು ದೂರದರ್ಶನದ ಪ್ರಸಾರ ಹಕ್ಕು. 2014ರ ಅಕ್ಟೋಬರಿನಲ್ಲಿ ಎನ್.ಬಿ.ಎ. ಒಂಬತ್ತು ವರ್ಷಗಳಿಗೆ 2,400 ಕೋಟಿ ಡಾಲರುಗಳ ಒಪ್ಪಂದ ಮಾಡಿಕೊಂಡಿತು. 2024ರಲ್ಲಿ ಹನ್ನೊಂದು ವರ್ಷಗಳಿಗೆ ಸುಮಾರು 7,600 ಕೋಟಿ ಡಾಲರುಗಳ ಹೊಸ ಒಪ್ಪಂದವಾಯಿತು. ಈ ಹಣವನ್ನು ಎಲ್ಲ ತಂಡಗಳೂ ಸಮನಾಗಿ ಹಂಚಿಕೊಳ್ಳುತ್ತವೆ. ಗೆದ್ದ ತಂಡಕ್ಕೂ ಸೋತ ತಂಡಕ್ಕೂ ಒಂದೇ ಪಾಲು. ಆದುದರಿಂದ ತಂಡವನ್ನು ಅಲಕ್ಷ್ಯದಿಂದ ನಡೆಸಿದ ಒಡೆಯನೂ ಸಿರಿವಂತನಾಗುತ್ತಾನೆ. ಹೊಲವನ್ನು ಉಳದೆ ಬೀಳು ಬಿಟ್ಟವನಿಗೂ ಸುತ್ತಲಿನ ರೈತರ ದುಡಿಮೆಯಿಂದ ಭೂಮಿಯ ಬೆಲೆ ಏರುವಂತೆ, ಕ್ಲಿಪ್ಪರ್ಸ್ ತಂಡದ ಬೆಲೆ ಒಡೆಯನ ಸಾಮರ್ಥ್ಯದಿಂದಲ್ಲ, ಎಲ್ಲ ತಂಡಗಳ ಆಟಗಾರರ ಮತ್ತು ಅಭಿಮಾನಿಗಳ ಬಲದಿಂದ ಏರಿತು.

ಆಟಗಾರರಿಗೆ ಕೋಟಿಗಟ್ಟಲೆ ಸಂಬಳ ಬರುವುದಿಲ್ಲವೇ ಎಂದು ಕೇಳಬಹುದು. ಬರುತ್ತದೆ. ಎನ್.ಬಿ.ಎ.ಯ ವಾರ್ಷಿಕ ಆದಾಯದಲ್ಲಿ ಸುಮಾರು ಅರ್ಧದಷ್ಟು ಆಟಗಾರರಿಗೆ ಸಲ್ಲಬೇಕೆಂಬ ಒಪ್ಪಂದವಿದೆ. ಅದು ಅವರ ಒಕ್ಕೂಟ ಹೋರಾಡಿ ಪಡೆದ ಹಕ್ಕು. ಆದರೆ ತಂಡವೇ ಮಾರಾಟವಾದಾಗ ಬರುವ ಹಣ ಆ ಲೆಕ್ಕಕ್ಕೆ ಸೇರುವುದಿಲ್ಲ. ಅದರಲ್ಲಿ ಆಟಗಾರನಿಗೆ ಪಾಲಿಲ್ಲ. ಟಿಕೆಟು ಕೊಂಡು, ಸೋಲಿನ ವರ್ಷಗಳಲ್ಲಿಯೂ ಕೈಬಿಡದೆ ತಂಡವನ್ನು ಸಾಕಿದ ಅಭಿಮಾನಿಗೆ ಪಾಲಿಲ್ಲ. ತನ್ನ ಹೆಸರನ್ನೇ ಧಾರೆಯೆರೆದ ನಗರಕ್ಕೂ ಪಾಲಿಲ್ಲ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಂತೆ ಎಂಬ ಗಾದೆ ಇಂಥ ಒಡೆತನಕ್ಕೆ ಒಪ್ಪುತ್ತದೆ. ಲಾಸ್ ಏಂಜಲಿಸ್ಸಿನಲ್ಲಿ ಹಾವನ್ನು ಹೊರಡಿಸಿದರು. ಆದರೆ ಹುತ್ತದ ಬೆಲೆಯನ್ನೆಲ್ಲ ಕೊಟ್ಟು ಹೊರಡಿಸಿದರು.

ಈ ವಾದಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ಮನೆಯೊಳಗೆ ಖಾಸಗಿಯಾಗಿ ಆಡಿದ ಮಾತಿಗೆ ಆಸ್ತಿಯನ್ನೇ ಬಿಡಿಸುವುದು ಅತಿಯಾಯಿತಲ್ಲವೇ ಎಂಬುದು ಒಂದು. ಖಾಸಗಿ ಮಾತನ್ನು ಕದ್ದು ಕೇಳುವುದು ಸಭ್ಯತೆಯಲ್ಲ, ನಿಜ. ಆದರೆ ಆ ಮಾತು ಬಯಲಾದ ಮೇಲೆ ಅದು ಆಟಗಾರರ ಕಿವಿಗೂ ಬಿದ್ದಿತ್ತು. ಆತನ ಹೆಸರಿನ ಕೆಳಗೆ ಮುಂದೆಯೂ ಆಡಬೇಕೆಂದು ಅವರನ್ನು ಒತ್ತಾಯಿಸುವ ನೈತಿಕ ಹಕ್ಕು ಯಾರಿಗೂ ಉಳಿದಿರಲಿಲ್ಲ. ಮಾತಿಗಿಂತ ಹಿಂದೆ ಕೃತಿಯ ಪ್ರಶ್ನೆಯೂ ಎದ್ದಿತ್ತು. ಕಪ್ಪು ವರ್ಣೀಯರು ಮೊದಲಾದವರಿಗೆ ಮನೆ ಬಾಡಿಗೆಗೆ ಕೊಡುವುದರಲ್ಲಿ ಭೇದ ಮಾಡಿದನೆಂದು ಅಮೆರಿಕ ಸರ್ಕಾರ ಸ್ಟರ್ಲಿಂಗನ ಮೇಲೆ ಹೂಡಿದ್ದ ದಾವೆ 2009ರಲ್ಲಿ ರಾಜಿಯಾಗಿತ್ತು. ತಪ್ಪನ್ನು ಒಪ್ಪಿಕೊಳ್ಳದೆಯೇ ಆತ ಸುಮಾರು 27 ಲಕ್ಷ ಡಾಲರ್ ತೆತ್ತಿದ್ದ. ಆಗ ಎನ್.ಬಿ.ಎ. ಆತನನ್ನು ಶಿಕ್ಷಿಸಲಿಲ್ಲ. ಬಡವನಿಗೆ ಮನೆ ಸಿಗದಿದ್ದಾಗ ನಿದ್ರಿಸಿದ್ದ ಧರ್ಮಬುದ್ಧಿ, ಜಾಹೀರಾತು ಕಂಪೆನಿಗಳು ಎದ್ದು ನಡೆದಾಗ ಎಚ್ಚೆತ್ತಿತು. ಎಚ್ಚೆತ್ತದ್ದು ಒಳ್ಳೆಯದೇ. ಆದರೆ ಯಾವುದು ಅದನ್ನು ಎಚ್ಚರಿಸಿತೆಂಬುದನ್ನು ಮರೆಯಲಾಗದು.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಆಸ್ತಿಯನ್ನು ಬಿಡಿಸಬಹುದು, ಆದರೆ ಅದರ ಬೆಲೆಯನ್ನು ಕೊಡದೆ ಕಸಿದುಕೊಂಡರೆ ಅದು ಲೂಟಿಯಾಗುವುದಿಲ್ಲವೇ? ಇಂದು ದುಷ್ಟನಿಂದ ಕಸಿದವರು ನಾಳೆ ತಮಗೆ ಆಗದವನಿಂದಲೂ ಕಸಿದಾರು. ಈ ಮಾತಿನಲ್ಲಿ ತಿರುಳಿದೆ. ಕಾನೂನು ಒಳ್ಳೆಯವರಿಗೆ ಒಂದು, ಕೆಟ್ಟವರಿಗೆ ಒಂದು ಆಗಬಾರದು. ಮೇಲಾಗಿ ಭಾರಿ ಬೆಲೆ ಸಿಕ್ಕಿದ್ದರಿಂದಲೇ ಆತನ ಕುಟುಂಬ ಬೇಗ ಒಪ್ಪಿತು; ಇಲ್ಲದಿದ್ದರೆ ವ್ಯಾಜ್ಯ ವರ್ಷಗಟ್ಟಲೆ ಎಳೆಯುತ್ತಿತ್ತು ಎನ್ನಬಹುದು. ಇವೆಲ್ಲ ಸರಿ. ಆದರೆ ಲೂಟಿ ಮಾಡುವುದಕ್ಕೂ ಮೊದಲೇ ಕರಾರು ಮಾಡಿಕೊಳ್ಳುವುದಕ್ಕೂ ಅಂತರವಿದೆ. ತಂಡವನ್ನು ಕೊಳ್ಳುವಾಗಲೇ ಒಡೆಯನಾಗುವವನು ಸಂಘದ ನಿಯಮಗಳಿಗೆ ಸಹಿ ಹಾಕುತ್ತಾನೆ. ಗುರುತರವಾದ ದುರ್ನಡತೆಯಿಂದ ಹೊರಹೋಗಬೇಕಾದವನು ತಾನು ಹೂಡಿದ ಹಣವನ್ನೂ ಅದರ ಮೇಲೆ ನ್ಯಾಯವಾದ ಬಡ್ಡಿಯನ್ನೂ ಪಡೆಯತಕ್ಕದ್ದು, ಮಿಕ್ಕದ್ದು ನಗರದ ಮಕ್ಕಳ ಆಟದ ಬಯಲಿಗೆ, ಶಾಲೆಗೆ, ನೊಂದವರ ಹಿತಕ್ಕೆ ಸಲ್ಲತಕ್ಕದ್ದು ಎಂದು ಆ ನಿಯಮಗಳಲ್ಲಿಯೇ ಬರೆದಿಟ್ಟರೆ ಯಾರಿಗೂ ಅನ್ಯಾಯವಾಗುವುದಿಲ್ಲ. ಒಪ್ಪದವನು ತಂಡವನ್ನು ಕೊಳ್ಳದಿದ್ದರಾಯಿತು.

ಅಂಥ ನಿಯಮವಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಮತ್ತೊಂದು ನಿದರ್ಶನ ಬೇಗನೆ ದೊರೆಯಿತು. ಫೀನಿಕ್ಸ್ ನಗರದ ಸನ್ಸ್ ತಂಡವನ್ನು ರಾಬರ್ಟ್ ಸಾರ್ವರ್ ಮತ್ತು ಸಂಗಡಿಗರು 2004ರಲ್ಲಿ ಸುಮಾರು 40 ಕೋಟಿ ಡಾಲರಿಗೆ ಕೊಂಡಿದ್ದರು. ನೌಕರರೊಡನೆ ಜನಾಂಗನಿಂದೆಯ ಮಾತುಗಳನ್ನು ಬಳಸಿದುದು, ಮಹಿಳಾ ನೌಕರರನ್ನು ಅಸಮಾನವಾಗಿ ನಡೆಸಿಕೊಂಡುದು ವಿಚಾರಣೆಯಲ್ಲಿ ಕಂಡುಬಂದು, 2022ರಲ್ಲಿ ಸಾರ್ವರ್‌ಗೆ ಒಂದು ವರ್ಷದ ಅಮಾನತು ಮತ್ತು 1 ಕೋಟಿ ಡಾಲರ್ ದಂಡ ವಿಧಿಸಲಾಯಿತು. ಸುತ್ತಲಿಂದ ಒತ್ತಡ ಬಂದಾಗ ಆತ ಮಾರಲು ಒಪ್ಪಿದ. 2023ರ ಫೆಬ್ರವರಿಯಲ್ಲಿ ತಂಡ ಕೈ ಬದಲಾಯಿಸಿದಾಗ ಅದಕ್ಕೆ ಕಟ್ಟಿದ ಬೆಲೆ 400 ಕೋಟಿ ಡಾಲರ್. ಮತ್ತೆ ಅದೇ ಕಥೆ: ದಂಡ ಹನಿಯಷ್ಟು, ಲಾಭ ಹೊಳೆಯಷ್ಟು.

ಇಂಗ್ಲೆಂಡಿನಲ್ಲಿ ಬೇರೊಂದು ದಾರಿಯನ್ನು ಹಿಡಿದರು. ಲಂಡನ್ನಿನ ಚೆಲ್ಸಿ ಫುಟ್‌ಬಾಲ್ ತಂಡವನ್ನು ರಷ್ಯದ ಸಿರಿವಂತ ರೋಮನ್ ಅಬ್ರಾಮೊವಿಚ್ 2003ರಲ್ಲಿ ಸುಮಾರು 14 ಕೋಟಿ ಪೌಂಡುಗಳಿಗೆ ಕೊಂಡಿದ್ದ. 2022ರಲ್ಲಿ ರಷ್ಯ ಉಕ್ರೇನಿನ ಮೇಲೆ ದಂಡೆತ್ತಿ ಹೋದಾಗ ಬ್ರಿಟಿಷ್ ಸರ್ಕಾರ ಆತನ ಆಸ್ತಿಗಳನ್ನು ತಡೆಹಿಡಿಯಿತು. ತಂಡವನ್ನು 250 ಕೋಟಿ ಪೌಂಡುಗಳಿಗೆ ಮಾರಲಾಯಿತು. ಮಾರಿದ ಹಣ ಒಡೆಯನ ಕೈಗೆ ಹೋಗಕೂಡದು, ಯುದ್ಧದಲ್ಲಿ ನೊಂದವರಿಗೆ ಸಲ್ಲಬೇಕು ಎಂಬ ಷರತ್ತಿನ ಮೇಲೆಯೇ ಮಾರಾಟಕ್ಕೆ ಅನುಮತಿ ದೊರೆಯಿತು. ಆಲೋಚನೆ ಉದಾತ್ತವಾದುದು. ಆದರೆ ಆ ಹಣವನ್ನು ಯಾರಿಗೆ, ಎಲ್ಲಿ ಹಂಚಬೇಕೆಂಬ ವಿವಾದ ಹುಟ್ಟಿತು. 2025ರ ಕೊನೆಗೂ ಆ ಹಣ ಬ್ಯಾಂಕಿನಲ್ಲಿ ಕೊಳೆಯುತ್ತಿತ್ತು. ಸಂತ್ರಸ್ತರ ಕೈ ಸೇರಿರಲಿಲ್ಲ. ಸದುದ್ದೇಶವಿದ್ದರೆ ಸಾಲದು, ಅದನ್ನು ನಡೆಸಿಕೊಡುವ ಸ್ಪಷ್ಟವಾದ ಏರ್ಪಾಡು ಮೊದಲೇ ಇರಬೇಕೆಂಬ ಪಾಠವನ್ನು ಈ ಪ್ರಕರಣ ಕಲಿಸುತ್ತದೆ.

ಒಬ್ಬ ಒಡೆಯನೇ ಇಲ್ಲದಂತೆ ತಂಡವನ್ನು ನಡೆಸಲು ಸಾಧ್ಯವಿಲ್ಲವೇ? ಸಾಧ್ಯವಿದೆ. ಅಮೆರಿಕದ ಗ್ರೀನ್ ಬೇ ಎಂಬುದು ಸುಮಾರು 1 ಲಕ್ಷ ಜನರಿರುವ ಚಿಕ್ಕ ಊರು. ಅಲ್ಲಿಯ ಪ್ಯಾಕರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡ 1923ರಿಂದಲೂ ಸಾರ್ವಜನಿಕರ ಷೇರುಗಳಿಂದ ನಡೆಯುತ್ತಿದೆ. ಇಂದು ಅದಕ್ಕೆ 5 ಲಕ್ಷಕ್ಕೂ ಹೆಚ್ಚು ಷೇರುದಾರರಿದ್ದಾರೆ. ಅವರಲ್ಲಿ ಯಾರಿಗೂ ಲಾಭಾಂಶವಿಲ್ಲ. ತಂಡ ಎಂದಾದರೂ ಮಾರಾಟವಾದರೆ ಬರುವ ಹಣ ಧರ್ಮಕಾರ್ಯಕ್ಕೆ ಸಲ್ಲಬೇಕೆಂಬ ನಿಬಂಧನೆಯಿದೆ. ದೊಡ್ಡ ನಗರಗಳ ತಂಡಗಳೊಡನೆ ಸೆಣಸಿ ಅದು 13 ಬಾರಿ ಚಾಂಪಿಯನ್ ಆಗಿದೆ. ಜರ್ಮನಿಯ ಫುಟ್‌ಬಾಲಿನಲ್ಲಿ ಕೆಲವು ಅಪವಾದಗಳನ್ನು ಬಿಟ್ಟರೆ ಕ್ಲಬ್ಬಿನ ಸದಸ್ಯರ ಕೈಯಲ್ಲಿ ಅರ್ಧಕ್ಕಿಂತ ಹೆಚ್ಚು ಮತಗಳು ಉಳಿಯಬೇಕೆಂಬ ನಿಯಮ 1998ರಿಂದ ಇದೆ. ಹಣ ಹೂಡುವವರು ಬರಬಹುದು; ಊರಿನ ತಂಡವನ್ನು ಊರಿನಿಂದ ಕಸಿದುಕೊಳ್ಳಲಾರರು. ಜಾತ್ರೆಯ ತೇರಿಗೆ ಧರ್ಮದರ್ಶಿ ಇರುತ್ತಾನೆ. ಹಗ್ಗ, ಹೂವು, ಎಣ್ಣೆಗಳ ಲೆಕ್ಕವನ್ನು ಆತ ನೋಡುತ್ತಾನೆ. ಆದರೆ ಎಳೆಯುವವರು ಊರಿನವರೆಲ್ಲರು. ತೇರು ತನ್ನದೆಂದು ಧರ್ಮದರ್ಶಿ ಹೇಳಿದರೆ ಊರು ನಗುತ್ತದೆ.

ಕರ್ನಾಟಕದ ಮಕ್ಕಳಿಗೂ ಈ ವಿಷಯ ದೂರದ್ದಲ್ಲ. 2008ರಲ್ಲಿ ಐ.ಪಿ.ಎಲ್. ಕ್ರಿಕೆಟ್ ಆರಂಭವಾದಾಗ ಬೆಂಗಳೂರಿನ ತಂಡದ ಹಕ್ಕು ಸುಮಾರು 11 ಕೋಟಿ ಡಾಲರಿಗೆ ಹರಾಜಾಯಿತು. 2021ರಲ್ಲಿ ಲಖನೌ ನಗರದ ಹೊಸ ತಂಡಕ್ಕೆ, ಒಂದು ಪಂದ್ಯವನ್ನೂ ಆಡುವ ಮೊದಲೇ, 7,090 ಕೋಟಿ ರೂಪಾಯಿ ಬೆಲೆ ಬಂದಿತು. ಬೆಂಗಳೂರಿನ ತಂಡ ಮೊದಲ ಬಾರಿಗೆ ಗೆದ್ದದ್ದು 2025ರಲ್ಲಿ, ಹದಿನೆಂಟನೆಯ ಋತುವಿನಲ್ಲಿ. ಪ್ರತಿ ವರ್ಷ ಸೋತಾಗಲೂ ಮುಂದಿನ ವರ್ಷ ಕಪ್ ನಮ್ಮದೇ ಎಂದು ನಂಬಿ ಕಾದವರ ತಾಳ್ಮೆಯೇ ಆ ತಂಡದ ನಿಜವಾದ ಬಂಡವಾಳ. ಆ ಬಂಡವಾಳ ಯಾವ ಲೆಕ್ಕಪುಸ್ತಕದಲ್ಲಿಯೂ ಕಾಣುವುದಿಲ್ಲ. ಆದರೆ ಬೆಲೆ ಕಟ್ಟುವವರು ಮೊದಲು ಎಣಿಸುವುದು ಅದನ್ನೇ.

ಎನ್.ಬಿ.ಎ. ಇತ್ತೀಚಿನ ವರ್ಷಗಳಲ್ಲಿ ‘ಒಡೆಯ’ ಎಂಬ ಪದವನ್ನು ಬಿಟ್ಟು ‘ಗವರ್ನರ್’ ಎಂಬ ಪದವನ್ನು ಬಳಸುತ್ತಿದೆ. ಬಹುಪಾಲು ಕಪ್ಪು ವರ್ಣೀಯರೇ ಆಡುವ ಆಟದಲ್ಲಿ ಒಡೆಯನೆಂಬ ಮಾತು ಗುಲಾಮಗಿರಿಯ ಕಾಲವನ್ನು ನೆನಪಿಗೆ ತರುತ್ತದೆಂಬ ಆಕ್ಷೇಪ ಕೇಳಿಬಂದಿತ್ತು. ಪದ ಬದಲಾದದ್ದು ಸಂತೋಷ. ಆದರೆ ಪದದೊಡನೆ ನಡೆಯೂ ಬದಲಾಗಬೇಕು. 2025ರಲ್ಲಿ ಲೇಕರ್ಸ್ ತಂಡ 1,000 ಕೋಟಿ ಡಾಲರುಗಳ ಬೆಲೆಗೆ ಹೊಸಬರ ಪಾಲಾಯಿತು. ಬೆಲೆ ಇನ್ನೂ ಏರಬಹುದು. ಬೆಲೆ ಏರಿದಷ್ಟೂ ಹೊಣೆ ಏರಬೇಕು. ಹೊಣೆ ಮರೆತವನು ಹೊರಹೋಗುವಾಗ ಹಲವರ ಗಳಿಕೆಯನ್ನು ಮಡಿಲಲ್ಲಿ ಕಟ್ಟಿಕೊಂಡು ಹೋಗುವಂತಾಗಬಾರದು.

ಓಕ್ಲೆಂಡಿನ ಅಂಗಳದಲ್ಲಿ ಆಟಗಾರರು ಕಳಚಿ ಹಾಕಿದ ಅಂಗಿಗಳನ್ನು ಯಾರೂ ಹರಾಜಿಗೆ ಇಟ್ಟು ಬೆಲೆ ಕಟ್ಟಲಿಲ್ಲ. ಆದರೆ 200 ಕೋಟಿ ಡಾಲರ್ ಬೆಲೆಯ ತಂಡವನ್ನು ಒಡೆಯನ ಹಿಡಿತದಿಂದ ಸಡಿಲಿಸಿದ್ದು ಆ ಅಂಗಿಗಳ ರಾಶಿ. ಮಾನವನ್ನು ಹಣದಿಂದ ಅಳೆಯಲಾಗದು. ಹಣವೇ ಎಲ್ಲವನ್ನೂ ಅಳೆಯುವ ಕಾಲದಲ್ಲಿ ಇದನ್ನು ನೆನಪಿನಲ್ಲಿಡುವುದು ಆಡುವವರಿಗೂ, ಆಡಿಸುವವರಿಗೂ, ಬದಿಯಲ್ಲಿ ಕುಳಿತು ನೋಡುವವರಿಗೂ ಸಮಾನವಾದ ಕರ್ತವ್ಯ.